ನಿದ್ದೆ ಮಾತ್ರೆ ಕೇಳುವ ಮುಂಚೆ ಯಾವ ನಿದ್ದೆ ಕೆಟ್ಟಿದೆ ಅಂತ ಹೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಓದುಗರೊಬ್ಬರು ಕೇಳಿದ್ದ ಪ್ರಶ್ನೆ ಓದಿದೆ. ರಾತ್ರಿ ಹತ್ತೂವರೆಗೆ ಮಲಗಿದರೂ ಒಂದು, ಒಂದೂವರೆವರೆಗೆ ನಿದ್ದೆ ಹತ್ತುವುದಿಲ್ಲ, ಯಾವ ಮಾತ್ರೆ ತೆಗೆದುಕೊಂಡರೆ ಒಳ್ಳೇದು ಎಂದು ಕೇಳಿದ್ದರು. ‘ವೈದ್ಯರನ್ನು ಕಂಡು ಸಲಹೆ ಪಡೆಯಿರಿ’ ಎಂದು ಉತ್ತರ ಬಂದಿತ್ತು. ಉತ್ತರ ಸರಿಯಾಗಿಯೇ ಇದೆ. ಆದರೆ ಅಷ್ಟಕ್ಕೆ ನಿಲ್ಲಿಸಿದರೆ ಪಾಪ, ಕೇಳಿದವರಿಗೆ ಏನು ಸಿಕ್ಕಿತು? ಅವರು ವೈದ್ಯರ ಮುಂದೆ ಕೂತು ‘ನಿದ್ದೆ ಬರ್ತಿಲ್ಲ ಡಾಕ್ಟ್ರೇ’ ಎಂದು ಒಂದೇ ಮಾತು ಹೇಳುತ್ತಾರೆ, ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿರುತ್ತಾರೆ, ಚೀಟಿಯ ಕೊನೆಗೆ ಒಂದು ಮಾತ್ರೆ ಸೇರಿಕೊಳ್ಳುತ್ತದೆ, ಹತ್ತು ದಿನಕ್ಕೆ ಅಂತ ಶುರುವಾದದ್ದು ವರ್ಷಗಟ್ಟಲೆ ಉಳಿದುಬಿಡುತ್ತದೆ.

ನಾನು ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗಲೂ ಸಂಜೆ ಹೊತ್ತು ನೆಂಟರ ಮೆಡಿಕಲ್ ಸ್ಟೋರಿನಲ್ಲಿ ಕೂರುತ್ತೇನೆ. ನಿದ್ದೆ ಮಾತ್ರೆ ಕೇಳಿಕೊಂಡು ಬರುವವರ ಮಾತು ನನಗೆ ಬಾಯಿಪಾಠ. ‘ಸಾರ್, ಒಂದು ನಿದ್ದೆ ಮಾತ್ರೆ ಕೊಡಿ, ಜಾಸ್ತಿ ಪವರ್ ಬೇಡ, ಲೈಟಾಗಿರೋದು ಸಾಕು.’ ಇನ್ನು ಕೆಲವರು ಹೆಸರೂ ಕಾಣದ ಹಾಗೆ ಕತ್ತರಿಸಿದ ಸ್ಟ್ರಿಪ್ಪಿನ ತುಂಡು ತಂದು ತೋರಿಸುತ್ತಾರೆ. ‘ನಮ್ಮ ಅತ್ತೆಗೆ ಇದೇ ಬರೆದುಕೊಟ್ಟಿದ್ದು, ನನಗೂ ಆಗುತ್ತೆ ಅಲ್ವಾ?’ ಚೀಟಿ ಇಲ್ಲದೆ ಕೊಡೋ ಹಾಗಿಲ್ಲಮ್ಮಾ ಎಂದರೆ ಬೇಜಾರು ಮಾಡಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ಅವರ ಮೇಲೆ ನನಗೆ ಕೋಪ ಇಲ್ಲ. ರಾತ್ರಿಯೆಲ್ಲ ಹೊರಳಾಡಿದವರೂ ಬೆಳಿಗ್ಗೆ ಎದ್ದು ಗಾರ್ಮೆಂಟ್ಸಿಗೆ ಹೋಗಬೇಕು, ಬಸ್ ಓಡಿಸಬೇಕು, ಮಕ್ಕಳಿಗೆ ಡಬ್ಬಿ ಕಟ್ಟಬೇಕು. ಆದರೆ ಲೈಟ್ ಮಾತ್ರೆ, ಹೆವಿ ಮಾತ್ರೆ ಎಂಬ ಲೆಕ್ಕದಲ್ಲಿ ನಿದ್ದೆಯ ಔಷಧಿ ಆರಿಸಲು ಬರುವುದಿಲ್ಲ. ಆರಿಸುವ ದಾರಿಯೇ ಬೇರೆ. ಅದನ್ನು ಹೇಳಬೇಕು ಅಂತಲೇ ಈ ಪತ್ರ. ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ಮೊದಲು ಗೊತ್ತಾಗಬೇಕಾದದ್ದು ಕೆಟ್ಟಿರುವುದು ಯಾವ ನಿದ್ದೆ ಅನ್ನುವುದು. ಮಲಗಿದ ಮೇಲೆ ನಿದ್ದೆ ಹತ್ತುವುದೇ ಇಲ್ಲವಾ? ಬೇಗ ಹತ್ತಿ, ನಡುರಾತ್ರಿ ಎರಡಕ್ಕೆ ಎಚ್ಚರವಾಗುತ್ತದಾ? ಬೆಳಗಿನ ಜಾವ ನಾಲ್ಕಕ್ಕೇ ಕಣ್ಣು ಬಿಟ್ಟರೆ ಮತ್ತೆ ನಿದ್ದೆ ಬರುವುದಿಲ್ಲವಾ? ಮೂರೂ ಬೇರೆ ಬೇರೆ ತೊಂದರೆ. ಮೂರಕ್ಕೂ ಒಂದೇ ಮಾತ್ರೆ ಹೊಂದುವುದಿಲ್ಲ. ನಿಮ್ಮ ಓದುಗರದ್ದು ಮೊದಲನೇ ಥರದ್ದು. ಮಾತ್ರೆ ಬೇಕೇ ಬೇಕು ಅಂತಾದರೆ ಅವರಿಗೆ ಬೇಕಾದದ್ದು ಬೇಗ ಕೆಲಸ ಶುರು ಮಾಡಿ ಬೆಳಗಾಗುವಷ್ಟರಲ್ಲಿ ಮೈಯಿಂದ ಹೊರಟುಹೋಗುವಂಥದ್ದು. ಮಾರನೇ ದಿನವೆಲ್ಲ ಒಳಗೇ ಕೂತಿರುವ ಮಾತ್ರೆಯಿಂದ ಅವರಿಗೆ ಏನು ಪ್ರಯೋಜನ?

ಪ್ರತಿಯೊಂದು ಔಷಧಿಯ ಪ್ರಮಾಣವೂ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಒಂದಿಷ್ಟು ಹೊತ್ತು ಬೇಕು. ನಿದ್ದೆಗೆ ಅಂತ ಬರೆಯುವ ಮಾತ್ರೆಗಳನ್ನೇ ನೋಡಿ. ಜೋಲ್ಪಿಡೆಮ್‌ಗೆ ಸುಮಾರು ಎರಡೂವರೆ ಗಂಟೆ. ಆಲ್‌ಪ್ರಾಜೋಲಮ್‌ಗೆ ಸುಮಾರು 11 ಗಂಟೆ. ಕ್ಲೊನಾಜೆಪಮ್‌ಗೆ 30ರಿಂದ 40 ಗಂಟೆ. ಡಯಜೆಪಮ್ ಅಂತೂ ದೇಹದೊಳಗೆ ಬೇರೆ ರೂಪಕ್ಕೆ ತಿರುಗಿ ದಿನಗಟ್ಟಲೆ ಉಳಿಯುತ್ತದೆ. ಈಗ ಲೆಕ್ಕ ಹಾಕಿ. ರಾತ್ರಿ ಹತ್ತಕ್ಕೆ ಕ್ಲೊನಾಜೆಪಮ್ ನುಂಗಿದವರ ರಕ್ತದಲ್ಲಿ ಮಾರನೇ ದಿನ ಬೆಳಿಗ್ಗೆ ಹತ್ತಕ್ಕೂ ಅದರ ಮುಕ್ಕಾಲು ಪಾಲು ಇರುತ್ತದೆ. ಅದು ಇಳಿಯುವ ಮುಂಚೆಯೇ ಆ ರಾತ್ರಿ ಇನ್ನೊಂದು ಮಾತ್ರೆ ಬೀಳುತ್ತದೆ, ಹೀಗೆ ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ. ಬೆಳಿಗ್ಗೆ ತಲೆ ಭಾರ, ಇಟ್ಟ ಸಾಮಾನು ಎಲ್ಲಿಟ್ಟೆ ಎಂದು ಮರೆಯುವುದು, ಸ್ಕೂಟರಿನಲ್ಲಿ ಬ್ರೇಕ್ ಹಿಡಿಯುವುದು ಕ್ಷಣ ತಡವಾಗುವುದು, ಇದನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ನೆ ಇರುತ್ತೇವೆ. ಎಷ್ಟೋ ಸಲ ಅದು ವಯಸ್ಸಲ್ಲ, ಮಾತ್ರೆ. ಕ್ಲೊನಾಜೆಪಮ್ ಫಿಟ್ಸ್‌ಗೆ, ಗಾಬರಿಯ ಕಾಯಿಲೆಗೆ ಒಳ್ಳೆಯ ಔಷಧಿ. ಬರೀ ನಿದ್ದೆ ಹತ್ತುವುದು ತಡ ಅನ್ನುವವರಿಗೆ ಅಷ್ಟು ಉದ್ದದ ಔಷಧಿ ಯಾಕೆ ಎಂದು ಕೇಳುವ ಹಕ್ಕು ರೋಗಿಗೆ ಇದೆ.

ನಮ್ಮ ಕಡೆ ಕೌಂಟರಿಗೆ ಬರುವ ಚೀಟಿಗಳಲ್ಲಿ ನಾನು ಜಾಸ್ತಿ ನೋಡಿದ್ದು ಆಲ್‌ಪ್ರಾಜೋಲಮ್. 0.25, 0.5 ಎಂದು ಸಣ್ಣ ಸಂಖ್ಯೆ ಬರೆದಿರುತ್ತದೆ, ಹಾಗಾಗಿ ಜನ ಅದನ್ನು ಸಣ್ಣ ಮಾತ್ರೆ ಅಂದುಕೊಳ್ಳುತ್ತಾರೆ. ಆ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಔಷಧಿಗೆ ಶಕ್ತಿ ಜಾಸ್ತಿ ಇರುವುದಕ್ಕೇ ಅಷ್ಟು ಕಡಿಮೆ ಮಿಲಿಗ್ರಾಂ ಸಾಕಾಗುತ್ತದೆ. ಅದು ಅನುಮತಿ ಪಡೆದಿರುವುದು ಆತಂಕಕ್ಕೆ, ಗಾಬರಿಯ ಕಾಯಿಲೆಗೆ. ನಿದ್ದೆ ತರಿಸುತ್ತದೆ, ಸುಳ್ಳಲ್ಲ. ಮೊದಲ ವಾರ ದೇವರೇ ಬಂದ ಹಾಗೆ ಅನಿಸುತ್ತದೆ. ಕೆಲವು ವಾರ ದಾಟಿದ ಮೇಲೆ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಅರ್ಧ ಇದ್ದದ್ದು ಒಂದಾಗುತ್ತದೆ, ಒಂದು ರಾತ್ರಿ ಬಿಟ್ಟರೆ ಮೊದಲಿಗಿಂತ ಕೆಟ್ಟದಾಗಿ ನಿದ್ದೆ ಕೆಡುತ್ತದೆ. ‘ನೋಡಿ, ಮಾತ್ರೆ ಇಲ್ಲದೆ ನನಗೆ ನಿದ್ದೆಯೇ ಇಲ್ಲ’ ಎಂದು ಅವರು ನಂಬುತ್ತಾರೆ. ಅದು ಹಳೆಯ ತೊಂದರೆ ತಿರುಗಿ ಬಂದದ್ದಲ್ಲ, ಮಾತ್ರೆ ಬಿಟ್ಟದ್ದಕ್ಕೆ ಮೈ ತೋರಿಸುವ ಸಿಟ್ಟು. ಆಲ್‌ಪ್ರಾಜೋಲಮ್, ಕ್ಲೊನಾಜೆಪಮ್, ಡಯಜೆಪಮ್ ಸೇರಿರುವ ಬೆಂಜೊಡಯಜೆಪಿನ್ ಎಂಬ ಗುಂಪಿನ ಎಲ್ಲ ಔಷಧಿಗಳ ಪೆಟ್ಟಿಗೆ ಮೇಲೂ ದುರುಪಯೋಗ, ಅವಲಂಬನೆ, ಬಿಡುವಾಗಿನ ತೊಂದರೆಯ ಬಗ್ಗೆ ಅತಿ ಗಂಭೀರ ಎಚ್ಚರಿಕೆ ಹಾಕಲೇಬೇಕು ಎಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಆದೇಶ ಮಾಡಿದರು. ಈ ಗುಂಪಿನ ಮೊದಲ ಮಾತ್ರೆ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಅಷ್ಟು ಹೇಳಲು ಅರವತ್ತು ವರ್ಷ ಬೇಕಾಯಿತು.

‘ಇದು ತುಂಬ ಸೇಫ್, ಏನೂ ಆಗಲ್ಲ’ ಎಂಬ ಮಾತು ನಿದ್ದೆಯ ಔಷಧಿಯ ಇತಿಹಾಸದ ಉದ್ದಕ್ಕೂ ಇದೆ. 1900ರ ದಶಕದಲ್ಲಿ ನಿದ್ದೆ ಮಾತ್ರೆಗಳಾದ ಬಾರ್ಬಿಟುರೇಟ್‌ಗಳು ಬಂದಾಗಲೂ ಹಾಗೇ ಅಂದರು, ಆಮೇಲೆ ಸ್ವಲ್ಪ ಜಾಸ್ತಿಯಾದರೆ ಉಸಿರೇ ನಿಲ್ಲುತ್ತದೆ ಎಂದು ಗೊತ್ತಾಯಿತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಮಾರಾಟಕ್ಕೆ ಬಂದದ್ದೂ ಸುರಕ್ಷಿತ ನಿದ್ದೆ ಮಾತ್ರೆ ಅಂತಲೇ. ಗರ್ಭಿಣಿಯರೂ ತೆಗೆದುಕೊಂಡರು. 1961ರಲ್ಲಿ ವಾಪಸ್ ತೆಗೆಯುವ ಹೊತ್ತಿಗೆ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದರು. ಯಾರನ್ನೂ ಹೆದರಿಸಲು ಇದನ್ನು ಬರೆಯುತ್ತಿಲ್ಲ. ಈಗಿನ ಔಷಧಿಗಳು ಅಷ್ಟು ಅಪಾಯದವಲ್ಲ. ಆದರೆ ಗರ್ಭಿಣಿ, ಬಾಣಂತಿಯರು ನಿದ್ದೆಗೆ ಏನೇ ತೆಗೆದುಕೊಳ್ಳುವುದಿದ್ದರೂ, ಗಿಡಮೂಲಿಕೆಯಾದರೂ ಸರಿ, ತಮ್ಮನ್ನು ನೋಡುವ ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು.

ಜೋಲ್ಪಿಡೆಮ್ ವಿಷಯಕ್ಕೆ ಬರುತ್ತೇನೆ. ನಿದ್ದೆ ಹತ್ತದವರಿಗೆ ವೈದ್ಯರು ಈಗ ಜಾಸ್ತಿ ಯೋಚಿಸುವುದು ಇದನ್ನೇ. ಬೇಗ ಹಿಡಿಯುತ್ತದೆ, ಎಂಟು ಗಂಟೆ ಮಲಗಿ ಎದ್ದರೆ ಹೆಚ್ಚಿನವರ ರಕ್ತದಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಉಳಿದಿರುತ್ತದೆ. ಆದರೆ ತೆಗೆದುಕೊಳ್ಳುವ ರೀತಿ ಯಾರೂ ಹೇಳಿಕೊಡುವುದಿಲ್ಲ. ಹೊಟ್ಟೆ ತುಂಬ ಉಂಡ ತಕ್ಷಣ ನುಂಗಿದರೆ ಹಿಡಿಯುವುದು ತಡವಾಗುತ್ತದೆ, ಆಗ ‘ಇದು ಕೆಲಸವೇ ಮಾಡ್ತಿಲ್ಲ’ ಎಂದು ಇನ್ನೊಂದು ನುಂಗುತ್ತಾರೆ, ಅದು ದೊಡ್ಡ ಅಪಾಯ. ಮಾತ್ರೆ ನುಂಗಿ ಸೀರಿಯಲ್ ನೋಡುತ್ತಾ ಕೂರುವಂತಿಲ್ಲ. ಬಾಗಿಲು ಹಾಕಿ, ಗ್ಯಾಸ್ ಆರಿಸಿ, ಹಾಸಿಗೆ ಮೇಲೆ ಕೂತ ಮೇಲೇ ನುಂಗಬೇಕು. ಮುಂದೆ ಏಳೆಂಟು ಗಂಟೆ ಮಲಗಲು ಸಮಯ ಇದ್ದರೆ ಮಾತ್ರ ನುಂಗಬೇಕು. ಬೆಳಿಗ್ಗೆ ನಾಲ್ಕರ ಬಸ್ಸಿಗೆ ಹೋಗುವವರು ರಾತ್ರಿ ಹನ್ನೆರಡಕ್ಕೆ ನುಂಗಿದರೆ ಅರೆನಿದ್ದೆಯಲ್ಲೇ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ.

ಹೆಂಗಸರು ಇದನ್ನು ಗಮನಿಸಿ. ಜೋಲ್ಪಿಡೆಮ್ ಹೆಂಗಸರ ಮೈಯಿಂದ ನಿಧಾನವಾಗಿ ಹೋಗುತ್ತದೆ. ಬೆಳಿಗ್ಗೆ ಗಾಡಿ ಓಡಿಸುವಾಗಲೂ ಅದರ ಮಂಪರು ಉಳಿದಿರುತ್ತದೆ ಎಂದು ಗೊತ್ತಾಗಿ 2013ರಲ್ಲಿ ಅಮೆರಿಕದಲ್ಲಿ ಹೆಂಗಸರ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದರು. ವಯಸ್ಸಾದವರಿಗೂ 5 ಮಿಲಿಗ್ರಾಂನದೇ ಶಿಫಾರಸು. ಗಂಡನಿಗೆ ಬರೆದ 10ರ ಮಾತ್ರೆಯನ್ನು ಹೆಂಡತಿ ನುಂಗುವುದು ನಮ್ಮಲ್ಲಿ ತುಂಬ ಸಾಮಾನ್ಯ, ದಯವಿಟ್ಟು ಬೇಡ. ಇನ್ನೊಂದು ವಿಷಯ, ಈ ಮಾತ್ರೆ ನುಂಗಿದ ಕೆಲವರು ಅರೆನಿದ್ದೆಯಲ್ಲೇ ಎದ್ದು ನಡೆಯುವುದು, ಅಡುಗೆ ಮಾಡುವುದು, ಗಾಡಿ ತೆಗೆಯುವುದು, ಬೆಳಿಗ್ಗೆ ಏನೂ ನೆನಪಿಲ್ಲದಿರುವುದು ಉಂಟು. ಅದರಿಂದ ಗಾಯ, ಸಾವು ಆದದ್ದೂ ಇದೆ. 2019ರಲ್ಲಿ ಇದಕ್ಕೂ ಅತಿ ಗಂಭೀರ ಎಚ್ಚರಿಕೆ ಹಾಕಿಸಿದರು. ಒಂದೇ ಒಂದು ಸಲ ಹಾಗಾಗಿದ್ದರೂ ಆ ಮಾತ್ರೆ ಮತ್ತೆ ಮುಟ್ಟಬಾರದು.

ಈಗ ಮೆಲಟೋನಿನ್. ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಪ್ಪ ಅಮ್ಮನಿಗೆ ಅಂತ ದೊಡ್ಡ ಬಾಟಲಿ ತರುತ್ತಾರೆ, 10 ಮಿಲಿಗ್ರಾಂ ಎಂದು ಬರೆದಿರುತ್ತದೆ. ಅಲ್ಲಿ ಅದು ಚೀಟಿ ಇಲ್ಲದೆ ವಿಟಮಿನ್ ಸಾಲಿನಲ್ಲಿ ಸಿಗುತ್ತದೆ. ಇಲ್ಲೂ ಆನ್‌ಲೈನ್‌ನಲ್ಲಿ ಮಿಠಾಯಿ ರೂಪದಲ್ಲಿ ಬರುತ್ತಿದೆ. ಮೆಲಟೋನಿನ್ ನಿಜವಾಗಿ ಮಂಪರು ತರುವ ಔಷಧಿ ಅಲ್ಲ. ಕತ್ತಲಾಯಿತು ಎಂದು ದೇಹಕ್ಕೆ ತಿಳಿಸುವ ಹಾರ್ಮೋನು, ಮಿದುಳಿನಲ್ಲೇ ತಯಾರಾಗುತ್ತದೆ. ಹಾಗಾಗಿ ಯಾರ ಒಳಗಿನ ಗಡಿಯಾರ ಹಿಂದೆ ಬಿದ್ದಿದೆಯೋ ಅವರಿಗೆ ಇದು ಉಪಯೋಗ. ರಜೆ ದಿನ ತಮ್ಮಷ್ಟಕ್ಕೆ ಬಿಟ್ಟರೆ ರಾತ್ರಿ ಮೂರಕ್ಕೆ ಮಲಗಿ ಹನ್ನೊಂದಕ್ಕೆ ಎದ್ದು ಆರಾಮಾಗಿರುವ ಹುಡುಗರು, ವಿದೇಶ ಪ್ರಯಾಣ ಮಾಡಿ ಹಗಲು ರಾತ್ರಿ ಅದಲುಬದಲಾದವರು. ಅಂಥವರಿಗೂ ಸಣ್ಣ ಡೋಸ್ ಸಾಕು, ಅದನ್ನು ಮಲಗುವ ಹೊತ್ತಿಗೆ ನುಂಗುವುದಕ್ಕಿಂತ ಕೆಲವು ಗಂಟೆ ಮುಂಚೆ ತೆಗೆದುಕೊಂಡರೆ ಗಡಿಯಾರ ಸರಿಯುತ್ತದೆ, ಎಷ್ಟು ಹೊತ್ತಿಗೆ ಅನ್ನುವುದನ್ನು ವೈದ್ಯರು ಹೇಳಬೇಕು. ಯೂರೋಪಿನಲ್ಲಿ 55 ದಾಟಿದವರ ನಿದ್ದೆಗೆ ನಿಧಾನವಾಗಿ ಕರಗುವ 2 ಮಿಲಿಗ್ರಾಂ ಮಾತ್ರೆಗೆ ಅನುಮತಿ ಇದೆ. ಎರಡು ಮಿಲಿಗ್ರಾಂ, ಹತ್ತಲ್ಲ. ಬಾಟಲಿ ಮೇಲೆ ಬರೆದಷ್ಟೇ ಒಳಗಿರುತ್ತದೆ ಎಂಬ ಭರವಸೆಯೂ ಇಲ್ಲ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಮೆಲಟೋನಿನ್ ಮಿಠಾಯಿ ಪರೀಕ್ಷೆ ಮಾಡಿದರು. 22ರಲ್ಲಿ ಲೇಬಲ್ಲಿಗೂ ಒಳಗಿನದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಂತೂ ಬರೆದದ್ದರ ಮೂರು ಪಟ್ಟಿಗಿಂತ ಜಾಸ್ತಿ ಇತ್ತು, ಇನ್ನೊಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಅದನ್ನು ಚಾಕಲೇಟ್ ಅಂತ ಮಕ್ಕಳ ಕೈಗೆ ಕೊಡುವವರೂ ಇದ್ದಾರೆ ಎಂದು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು.

ನೆಗಡಿ ಮಾತ್ರೆ, ಅಲರ್ಜಿ ಮಾತ್ರೆ, ಕೆಮ್ಮಿನ ಸಿರಪ್ಪು. ಇವು ಚೀಟಿ ಕೇಳದೆ ಸಿಗುತ್ತವೆ ಅಂತ ನಿದ್ದೆಗೆ ಬಳಸುವವರು ಬಹಳ. ‘ಒಂದು ಅವಿಲ್ ಹಾಕಿದರೆ ಗೊರಕೆ ಹೊಡೀತಾರೆ’ ಎನ್ನುತ್ತಾರೆ. ಕೆಲವೇ ದಿನದಲ್ಲಿ ಮೈ ಒಗ್ಗಿ ನಿದ್ದೆ ತರಿಸುವ ಗುಣ ಹೋಗುತ್ತದೆ, ಉಳಿದ ಕಾಟ ಹೋಗುವುದಿಲ್ಲ. ಅರವತ್ತೈದು ದಾಟಿದವರಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಲ್ಲಿ ಮೂತ್ರ ಕಟ್ಟುವುದು, ರಾತ್ರಿ ಗೊಂದಲಕ್ಕೆ ಬಿದ್ದು ಏನೇನೋ ಮಾತಾಡುವುದು. ವಯಸ್ಸಾದವರಿಗೆ ಕೊಡಬಾರದ ಔಷಧಿಗಳ ಪಟ್ಟಿ ಅಂತ ಅಮೆರಿಕದ ವೃದ್ಧರ ವೈದ್ಯರು ಇಟ್ಟುಕೊಂಡಿದ್ದಾರೆ. ಹಳೆಯ ಕಾಲದ ಈ ಮಂಪರು ತರುವ ಅಲರ್ಜಿ ಮಾತ್ರೆಗಳೂ ಆಲ್‌ಪ್ರಾಜೋಲಮ್, ಡಯಜೆಪಮ್‌ನಂಥವೂ ಜೋಲ್ಪಿಡೆಮ್ಮೂ ಅದರಲ್ಲಿವೆ. ಒಂದು ದೊಡ್ಡ ಕಾರಣ, ರಾತ್ರಿ ಬಾತ್‌ರೂಮಿಗೆ ಎದ್ದಾಗ ತೂಗಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಸೊಂಟ ಮುರಿದ ಅಜ್ಜಿಯನ್ನು ಎದ್ದು ಓಡಾಡುವ ಹಾಗೆ ಮಾಡುವುದು ಎಷ್ಟು ಕಷ್ಟ ಎಂದು ನೋಡಿಕೊಂಡ ಮನೆಯವರಿಗೇ ಗೊತ್ತು.

ಬೇರೆ ಔಷಧಿಗಳೂ ಇವೆ. ನಿದ್ದೆ ಹತ್ತದವರಿಗೆ ರಾಮೆಲ್ಟಿಯಾನ್ ಎಂಬುದಿದೆ, ಮೆಲಟೋನಿನ್ ಹೋಗಿ ಕೂರುವ ಜಾಗದಲ್ಲೇ ಕೆಲಸ ಮಾಡುತ್ತದೆ, ಚಟ ಹಿಡಿಸುವುದಿಲ್ಲ, ಪರಿಣಾಮ ಸೌಮ್ಯ. ನಡುರಾತ್ರಿ ಎಚ್ಚರವಾಗುವವರಿಗೆ ತೀರಾ ಸಣ್ಣ ಡೋಸಿನ ಡಾಕ್ಸೆಪಿನ್ ಇದೆ. ಎಚ್ಚರವಾಗಿಡುವ ಮಿದುಳಿನ ರಾಸಾಯನಿಕವನ್ನೇ ತಡೆಯುವ ಹೊಸ ಗುಂಪು ಬಂದಿದೆ, ಅದರ ಮೊದಲನೆಯದಾದ ಸುವೊರೆಕ್ಸಾಂಟ್‌ಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ಖಿನ್ನತೆ ಇದ್ದು ನಿದ್ದೆ ಕೆಟ್ಟವರಿಗೆ ಮಿರ್ಟಜಪಿನ್, ನರದ ನೋವಿರುವವರಿಗೆ ಅಮಿಟ್ರಿಪ್ಟಿಲಿನ್ ಬರೆಯುವುದುಂಟು, ಅಲ್ಲಿ ಒಂದೇ ಮಾತ್ರೆಯಿಂದ ಎರಡು ಕೆಲಸ ಆಗುತ್ತದೆ. 2017ರಲ್ಲಿ ಅಮೆರಿಕದ ನಿದ್ರಾ ತಜ್ಞರ ಅಕಾಡೆಮಿ ನಿದ್ದೆಗೆ ಬಳಸುವ ಹಲವು ಔಷಧಿಗಳನ್ನು ಒಂದೊಂದಾಗಿ ತೂಗಿ ನೋಡಿ ಮಾರ್ಗಸೂಚಿ ಕೊಟ್ಟಿತು. ಯಾವುದು ನಿದ್ದೆ ಹತ್ತುವುದಕ್ಕೆ, ಯಾವುದು ನಿದ್ದೆ ಉಳಿಯುವುದಕ್ಕೆ ಎಂದು ಬೇರೆ ಬೇರೆ ಮಾಡಿಯೇ ಹೇಳಿದೆ. ಆದರೆ ಒಂದಕ್ಕೂ ಗಟ್ಟಿ ಶಿಫಾರಸು ಕೊಡಲಿಲ್ಲ, ಎಲ್ಲವೂ ದುರ್ಬಲ ಶಿಫಾರಸು ಎಂದೇ ಬರೆದುಕೊಂಡರು. ಇದು ಜನಕ್ಕೆ ಗೊತ್ತಾಗಬೇಕು. ಎಲ್ಲರಿಗೂ ಒಳ್ಳೆಯ ನಿದ್ದೆ ಮಾತ್ರೆ ಅಂತ ಒಂದು ಇಲ್ಲ, ಒಬ್ಬೊಬ್ಬರಿಗೆ ಹೊಂದುವುದು ಒಂದೊಂದು, ಅದೂ ಸ್ವಲ್ಪ ದಿನಕ್ಕೆ.

ಮನೆ ಮದ್ದಿನ ಬಗ್ಗೆ ಕೇಳುವವರಿಗೆ ಎರಡು ಮಾತು. ಗಸಗಸೆ ಪಾಯಸ ಉಂಡು ಮಧ್ಯಾಹ್ನ ಮಲಗುವ ಸುಖ ನಮಗೆಲ್ಲ ಗೊತ್ತು, ಹಬ್ಬಕ್ಕೆ ಮಾಡಿ ಉಣ್ಣಿ. ದಿನಾ ರಾತ್ರಿಯ ಔಷಧಿ ಮಾಡಿಕೊಳ್ಳಬೇಡಿ. ಹಾಲಿಗೆ ಚಿಟಿಕೆ ಜಾಯಿಕಾಯಿ ತೇದು ಹಾಕಿದರೆ ತೊಂದರೆ ಇಲ್ಲ, ನಿದ್ದೆ ಬರಲಿಲ್ಲ ಅಂತ ಚಮಚಗಟ್ಟಲೆ ಹಾಕಿದರೆ ಎದೆ ಹೊಡೆದುಕೊಳ್ಳುತ್ತದೆ, ತಲೆ ಕೆಡುತ್ತದೆ. ಅಶ್ವಗಂಧದ ಮಾತ್ರೆಯಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಥೈರಾಯ್ಡ್ ಮಾತ್ರೆ ನುಂಗುವವರು, ಲಿವರ್ ತೊಂದರೆ ಇರುವವರು ಕೇಳದೆ ಶುರು ಮಾಡಬಾರದು.

ಮಾತ್ರೆ ಆರಿಸುವ ಮುಂಚೆ ನಿದ್ದೆ ಕೆಡಿಸುತ್ತಿರುವುದು ಏನು ಅಂತ ಹುಡುಕಬೇಕಲ್ವಾ? ಕೌಂಟರಿನಲ್ಲಿ ಕೂತು ನನಗೆ ಕಂಡದ್ದು, ಎಷ್ಟೋ ಜನರ ನಿದ್ದೆ ಕೆಡಿಸುತ್ತಿರುವುದು ಅವರ ಕೈಯಲ್ಲಿರುವ ಇನ್ನೊಂದು ಮಾತ್ರೆಯೇ. ಆಸ್ತಮಾಕ್ಕೆ ಕೊಡುವ ಥಿಯೋಫಿಲಿನ್, ಸಂಜೆ ನುಂಗುವ ಸ್ಟಿರಾಯ್ಡ್, ಕಟ್ಟಿದ ಮೂಗು ಬಿಡಿಸುವ ಸೂಡೊಎಫೆಡ್ರಿನ್, ಡೋಸ್ ಜಾಸ್ತಿಯಾದ ಥೈರಾಯ್ಡ್ ಮಾತ್ರೆ, ಬೆಳಿಗ್ಗೆ ನುಂಗಬೇಕಾದದ್ದನ್ನು ಮರೆತು ಸಂಜೆ ನುಂಗುವ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ. ಹೊತ್ತು ಬದಲಾಯಿಸಿದರೆ ಸಾಕು ಎಷ್ಟೋ ಜನಕ್ಕೆ ನಿದ್ದೆ ಬರುತ್ತದೆ. ಹೊತ್ತು ಬದಲಾಯಿಸಬಹುದಾ ಎಂದು ವೈದ್ಯರನ್ನು ಕೇಳಿ. ಕಾಫಿಯದ್ದು ಇನ್ನೊಂದು ಕಥೆ. ನಮ್ಮ ಫಿಲ್ಟರ್ ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ, ಆದರೆ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಲೋಟದಲ್ಲಿ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಒಳಗಿರುತ್ತದೆ. ಮಧ್ಯಾಹ್ನದ ಮೇಲೆ ಬಿಟ್ಟು ಎರಡು ವಾರ ನೋಡಿ.

ಮಲಗಿದ ಕೂಡಲೇ ಕಾಲಿನಲ್ಲಿ ಏನೋ ಹರಿದಾಡಿದ ಹಾಗೆ, ಕಾಲು ಆಡಿಸಿದರೆ ಮಾತ್ರ ಸಮಾಧಾನ ಎನ್ನುವ ಹೆಂಗಸರು ಬಹಳ ಇದ್ದಾರೆ. ಅದಕ್ಕೆ ನಿದ್ದೆ ಮಾತ್ರೆ ಅಲ್ಲ, ಮೊದಲು ರಕ್ತದಲ್ಲಿ ಕಬ್ಬಿಣದ ಪರೀಕ್ಷೆ ಬೇಕು. ಮಂಪರಿನ ಅಲರ್ಜಿ ಮಾತ್ರೆ ನುಂಗಿದರೆ ಅದು ಇನ್ನೂ ಜಾಸ್ತಿಯಾಗುತ್ತದೆ. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟಿ ಎದ್ದು ಕೂರುವವರಿಗೆ ಆಲ್‌ಪ್ರಾಜೋಲಮ್‌ನಂಥ ಮಾತ್ರೆ ಕೊಟ್ಟರೆ ಉಸಿರು ಕಟ್ಟುವುದು ಹೆಚ್ಚಬಹುದು. ಅವರ ಹೆಂಡತಿಯೋ ಮಗನೋ ಜೊತೆಗೆ ಬಂದು ವೈದ್ಯರಿಗೆ ಹೇಳಬೇಕು, ಮಲಗಿರುವವರಿಗೆ ತಮ್ಮ ಗೊರಕೆ ಗೊತ್ತಾಗುವುದಿಲ್ಲ. ಕುಡಿಯುವವರು ಕುಡಿಯುವುದನ್ನು ಮುಚ್ಚಿಡಬಾರದು. ಮದ್ಯದ ಮೇಲೆ ಈ ಮಾತ್ರೆ ಬಿದ್ದರೆ ಬೆಳಿಗ್ಗೆ ಏಳದೇ ಹೋಗಬಹುದು. ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವವರಿಗೂ ಇದೇ ಅಪಾಯ.

ಬೆಳಗಿನ ಜಾವ ಎಚ್ಚರವಾಗಿ, ಎದೆಯಲ್ಲಿ ಕಲ್ಲಿಟ್ಟ ಹಾಗೆ ಭಾರ, ಯಾವುದರಲ್ಲೂ ಆಸೆ ಇಲ್ಲ, ಬದುಕುವುದೇ ಬೇಡ ಅನಿಸುವವರು ನಿದ್ದೆ ಮಾತ್ರೆ ಹುಡುಕಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಅಂಥವರಿರುವ ಮನೆಯಲ್ಲಿ ಸ್ಟ್ರಿಪ್‌ಗಟ್ಟಲೆ ನಿದ್ದೆ ಮಾತ್ರೆ ಇಡಬೇಡಿ, ಇನ್ನೊಬ್ಬರ ಕೈಯಲ್ಲಿರಲಿ.

2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ ವಯಸ್ಕರ ಹಳೆಯ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಡವಳಿಕೆ ಬದಲಿಸುವ ಚಿಕಿತ್ಸೆ ಎಂದು ಹೇಳಿತು. ಯೂರೋಪಿನವರೂ ಅದನ್ನೇ ಹೇಳಿದ್ದಾರೆ. ಇದನ್ನು ‘ಬಿಸಿ ಹಾಲು ಕುಡಿದು ಒಳ್ಳೆಯದನ್ನು ಯೋಚಿಸಿ’ ಎಂಬ ಬುದ್ಧಿಮಾತು ಅಂದುಕೊಳ್ಳಬೇಡಿ, ಇದು ಗಟ್ಟಿ ಶಿಸ್ತು. ರಾತ್ರಿ ಎಷ್ಟೇ ಹೊತ್ತಿಗೆ ನಿದ್ದೆ ಹತ್ತಿರಲಿ, ಬೆಳಿಗ್ಗೆ ದಿನಾ ಒಂದೇ ಹೊತ್ತಿಗೆ ಏಳಬೇಕು, ಭಾನುವಾರವೂ. ಕಣ್ಣು ಎಳೆಯುವವರೆಗೆ ಹಾಸಿಗೆಗೆ ಹೋಗಬಾರದು. ಇಪ್ಪತ್ತು ನಿಮಿಷದಷ್ಟು ಹೊತ್ತಾದರೂ ನಿದ್ದೆ ಬಾರದಿದ್ದರೆ ಎದ್ದು ಇನ್ನೊಂದು ಕೋಣೆಗೋ ಪಡಸಾಲೆಗೋ ಹೋಗಿ ಕೂರಬೇಕು, ಮೊಬೈಲ್ ಹಿಡಿಯದೆ. ನಿದ್ದೆ ಬರುತ್ತಿರುವುದು ಐದೂವರೆ ಗಂಟೆ ಆದರೆ ಹಾಸಿಗೆಯಲ್ಲಿ ಒಂಬತ್ತು ಗಂಟೆ ಬಿದ್ದಿರಬಾರದು, ಮೊದಮೊದಲು ಹಾಸಿಗೆಯ ಹೊತ್ತನ್ನೂ ಅಷ್ಟಕ್ಕೇ ಇಳಿಸಿ, ನಿದ್ದೆ ಗಟ್ಟಿಯಾದ ಹಾಗೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಮೊದಲ ಎರಡು ವಾರ ಕಷ್ಟವಾಗುತ್ತದೆ, ಹಗಲು ತೂಕಡಿಕೆ ಬರುತ್ತದೆ, ಹಾಗಾಗಿ ಡ್ರೈವರ್‌ಗಳು, ಮಿಷನ್ ಮೇಲೆ ಕೆಲಸ ಮಾಡುವವರು, ಫಿಟ್ಸ್ ಇರುವವರು ಈ ಹೊತ್ತು ಇಳಿಸುವ ಭಾಗವನ್ನು ವೈದ್ಯರ ಕಣ್ಣೆದುರಿಗೇ ಮಾಡಬೇಕು. ಒಂದು ಕೋಣೆಯ ಮನೆಯಲ್ಲಿ ಐದು ಜನ ಮಲಗುವವರು ಎಲ್ಲಿಗೆ ಎದ್ದು ಹೋಗುವುದು ಅಂತ ಕೇಳಬಹುದು. ಚಾಪೆ ಬಿಟ್ಟು ಗೋಡೆಗೆ ಒರಗಿ ಕೂತರೂ ಸಾಕು.

ವೈದ್ಯರ ಹತ್ತಿರ ಹೋಗುವ ಎರಡು ವಾರ ಮುಂಚೆ ಒಂದು ಕೆಲಸ ಮಾಡಿ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದೇ ಚೌಕದಲ್ಲಿ ದಿನಾ ಬೆಳಿಗ್ಗೆ ಮೂರು ಸಂಖ್ಯೆ ಬರೆಯಿರಿ. ಎಷ್ಟಕ್ಕೆ ಮಲಗಿದೆ, ಸುಮಾರು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟಕ್ಕೆ ಎದ್ದೆ. ರಾತ್ರಿ ಗಡಿಯಾರ ನೋಡಬೇಡಿ, ಅಂದಾಜು ಸಾಕು. ಆ ಹಾಳೆಯನ್ನೂ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಎರಡೇ ನಿಮಿಷ ಸಿಕ್ಕರೂ ವೈದ್ಯರಿಗೆ ಅಷ್ಟರಲ್ಲಿ ಬೇಕಾದದ್ದೆಲ್ಲ ಸಿಗುತ್ತದೆ. ಅವರು ಮಾತ್ರೆ ಬರೆದರೆ ಕೇಳಿ: ಇದು ಎಷ್ಟು ದಿನಕ್ಕೆ? ನಿಲ್ಲಿಸುವುದು ಹೇಗೆ? ನನ್ನ ಬೇರೆ ಮಾತ್ರೆಗಳ ಜೊತೆ ಆಗುತ್ತದಾ? ಬೆಳಿಗ್ಗೆ ಗಾಡಿ ಓಡಿಸಬಹುದಾ? ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮೂರಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ನಿದ್ದೆಗೆ ಮನೋವೈದ್ಯರ ಹತ್ತಿರ ಹೋದರೆ ಜನ ಏನಂದಾರು ಎಂಬ ಸಂಕೋಚ ಬೇಡ.

ಈಗಾಗಲೇ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರು ಈ ಪತ್ರ ಓದಿ ಇವತ್ತೇ ರಾತ್ರಿ ನಿಲ್ಲಿಸಬೇಡಿ. ಕೈಮುಗಿದು ಹೇಳುತ್ತೇನೆ. ಆಲ್‌ಪ್ರಾಜೋಲಮ್, ಕ್ಲೊನಾಜೆಪಮ್‌ನಂಥವನ್ನು ದಿಢೀರನೆ ಬಿಟ್ಟರೆ ನಡುಕ, ಬೆವರು, ಭಯ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವೈದ್ಯರು ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಬಿಡಲು ಆಗುತ್ತದೆ. ಎಪ್ಪತ್ತು ದಾಟಿದವರೂ ಬಿಟ್ಟಿದ್ದಾರೆ.

ಕೊನೆಗೆ ನನ್ನ ಬೇಡಿಕೆ. ಆಲ್‌ಪ್ರಾಜೋಲಮ್, ಡಯಜೆಪಮ್, ನೈಟ್ರಾಜೆಪಮ್, ಜೋಲ್ಪಿಡೆಮ್ ಇವೆಲ್ಲ ಶೆಡ್ಯೂಲ್ ಎಚ್-1 ಎಂಬ, ಕಟ್ಟುನಿಟ್ಟಾಗಿ ಮಾರಬೇಕಾದ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿವೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ನಿಯಮ. ಚೀಟಿ ಇಲ್ಲದೆ ಮಾರುವಂತಿಲ್ಲ, ಯಾವ ವೈದ್ಯರು ಯಾರಿಗೆ ಎಷ್ಟು ಬರೆದರು ಎಂದು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು, ಸ್ಟ್ರಿಪ್ಪಿನ ಮೇಲೆ ಕೆಂಪು ಚೌಕದಲ್ಲಿ ಎಚ್ಚರಿಕೆ ಇರಬೇಕು. ಎಚ್ಚರಿಕೆ ಇದೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ನಮ್ಮ ಹಳ್ಳಿಯ ಅಜ್ಜಿ ಅದನ್ನು ಓದಬೇಕು ಎಂದು ಯಾರಿಗೂ ಅನಿಸಿಲ್ಲ.

ಕೆನಡಾದ ಕ್ವಿಬೆಕ್‌ನಲ್ಲಿ ಮಾಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಬೆಂಜೊಡಯಜೆಪಿನ್ ಗುಂಪಿನ ಮಾತ್ರೆಗಳನ್ನು ಬಹಳ ಕಾಲದಿಂದ ನುಂಗುತ್ತಿದ್ದ ಸುಮಾರು ಮುನ್ನೂರು ವೃದ್ಧರನ್ನು ಔಷಧಿ ಅಂಗಡಿಗಳ ಮೂಲಕ ಸೇರಿಸಿಕೊಂಡರು. ಅವರಲ್ಲಿ ಒಂದು ಗುಂಪಿಗೆ ಸರಳ ಭಾಷೆಯ ಒಂದು ಕೈಪಿಡಿ ಕೊಟ್ಟರು, ಮಾತ್ರೆಯ ಅಪಾಯ ಏನು, ನಿಧಾನವಾಗಿ ಬಿಡುವುದು ಹೇಗೆ, ಯಾರನ್ನು ಕೇಳಬೇಕು ಅಂತ. ಆರು ತಿಂಗಳಾದ ಮೇಲೆ ಆ ಗುಂಪಿನಲ್ಲಿ ನೂರಕ್ಕೆ 27 ಮಂದಿ ಮಾತ್ರೆ ಪೂರ್ತಿ ಬಿಟ್ಟಿದ್ದರು. ಕೈಪಿಡಿ ಸಿಗದ ಗುಂಪಿನಲ್ಲಿ ಬಿಟ್ಟವರು ನೂರಕ್ಕೆ 5. ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ, ಹೊಸ ಔಷಧಿ ತರಲಿಲ್ಲ, ಓದಲು ಬರುವ ಭಾಷೆಯಲ್ಲಿ ನಾಲ್ಕು ಹಾಳೆ ಕೊಟ್ಟರು ಅಷ್ಟೇ.

ನಮ್ಮ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು, ಔಷಧಿ ವ್ಯಾಪಾರಿಗಳ ಸಂಘದವರು ಕೂತು ಹೀಗೊಂದು ಹಾಳೆ ಕನ್ನಡದಲ್ಲಿ ಮಾಡಿಸಬೇಕು. ದೊಡ್ಡ ಅಕ್ಷರ, ಒಂದೇ ಪುಟ. ನಿದ್ದೆ ಮಾತ್ರೆಯ ಚೀಟಿ ತಂದ ಪ್ರತಿಯೊಬ್ಬರ ಕವರಿನಲ್ಲೂ ಅದು ಹೋಗಬೇಕು, ಓದಲು ಬಾರದವರಿಗೆ ಕೌಂಟರಿನಲ್ಲಿರುವವರು ಓದಿ ಹೇಳಬೇಕು. ಒಂದು ಹಾಳೆಗೆ ಎಷ್ಟು ಖರ್ಚು ಬರುತ್ತದೆ ಹೇಳಿ? ಅದು ಆಗುವವರೆಗೆ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ನುರಿತ ಮನೋವೈದ್ಯರಿಂದ ಬರೆಸಿ, ಕತ್ತರಿಸಿ ಅಂಟಿಸಲು ಬರುವ ಹಾಗೆ ಚೌಕ ಹಾಕಿ ಒಮ್ಮೆ ಪ್ರಕಟಿಸಿ. ನಾನು ಕೂರುವ ಅಂಗಡಿಯಲ್ಲಿ ಅದನ್ನು ಮೊದಲ ದಿನವೇ ಅಂಟಿಸುತ್ತೇನೆ, ಈ ಊರಿನ ಉಳಿದ ಅಂಗಡಿಗಳಿಗೂ ನಾನೇ ಹೋಗಿ ಕೊಟ್ಟು ಬರುತ್ತೇನೆ.

ಇತಿ,
ಒಬ್ಬ ನಿವೃತ್ತ ಫಾರ್ಮಾಸಿಸ್ಟ್, ತಿಪಟೂರು